ಜರ್ಪಾಲ್‌ನ ಆ ಒಂದು ಟ್ಯಾಂಕ್: ಶಾಲೆ ಅಂಗಳದಲ್ಲಿ ಅರುಣ್ ಖೇತರ್ಪಾಲ್ ಸ್ಮಾರಕ ಕಟ್ಟಿದ ಬಗೆ

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ಅವರ ನೆನಪಿಗೆ ನಮ್ಮೂರಿನ ಹೈಸ್ಕೂಲ್ ಅಂಗಳದಲ್ಲಿ ಒಂದು ಸ್ಮಾರಕ ಎದ್ದಿದೆ. ಸೈಜುಗಲ್ಲಿನ ಕಟ್ಟೆ, ಅದರ ಮೇಲೆ ಕಬ್ಬಿಣದ ತಗಡಿನಲ್ಲಿ ಮಾಡಿದ ಸೆಂಚೂರಿಯನ್ ಟ್ಯಾಂಕ್, ಮುಂದೆ ಗ್ರಾನೈಟ್ ಫಲಕ. ಕಟ್ಟೆ ಕೆಲಸ ಕಲ್ಲು ಕೆಲಸದವರದು. ಟ್ಯಾಂಕ್ ಪೂರ್ತಿ ನನ್ನ ವೆಲ್ಡಿಂಗ್ ಶಾಪಿನಲ್ಲಿ ಆಯಿತು. ಬೇರೆ ಊರಲ್ಲೂ ಇಂಥದ್ದು ಮಾಡಬೇಕು ಅನ್ನುವವರಿಗೆ ಅನುಕೂಲವಾಗಲಿ ಅಂತ ಏನು ಮಾಡಿದೆವು, ಯಾಕೆ ಹಾಗೇ ಮಾಡಿದೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಖೇತರ್ಪಾಲ್ ಹುಟ್ಟಿದ್ದು 1950ರ ಅಕ್ಟೋಬರ್ 14ರಂದು, ಪುಣೆಯಲ್ಲಿ. ತಂದೆಯೂ ಸೇನೆಯಲ್ಲಿದ್ದವರು. 1971ರ ಜೂನ್ 13ಕ್ಕೆ 17 ಪೂನಾ ಹಾರ್ಸ್ ರೆಜಿಮೆಂಟ್ ಸೇರಿದರು. ಅಹ್ಮದ್‌ನಗರದಲ್ಲಿ ಹೊಸ ಅಧಿಕಾರಿಗಳ ತರಬೇತಿ ನಡೆಯುತ್ತಿದ್ದಾಗಲೇ ಪಾಕಿಸ್ತಾನದ ಜೊತೆಗಿನ ಯುದ್ಧದ ಕರೆ ಬಂತು. ಅದೇ ವರ್ಷ ಡಿಸೆಂಬರ್ 16ರಂದು ಶಕರ್‌ಗಢ ಸೆಕ್ಟರಿನ ಜರ್ಪಾಲ್ ಹತ್ತಿರ ಮಡಿದರು. ಸರ್ವಿಸ್ ಆರು ತಿಂಗಳು, ವಯಸ್ಸು 21. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಈವರೆಗೆ ಆ ಪದಕ ಪಡೆದವರು 21 ಜನ. ಅದರಲ್ಲಿ ಟ್ಯಾಂಕ್ ದಳದವರು ಇಬ್ಬರೇ. ಒಬ್ಬರು 1965ರ ಯುದ್ಧದಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ತಾರಾಪೋರ್, ಇನ್ನೊಬ್ಬರು ಖೇತರ್ಪಾಲ್. ಇಬ್ಬರದ್ದೂ ಒಂದೇ ರೆಜಿಮೆಂಟ್, ಇಬ್ಬರೂ ಕಾದಾಡಿದ್ದು ಸೆಂಚೂರಿಯನ್ ಟ್ಯಾಂಕಿನಲ್ಲೇ.

ಮೊದಲ ಮೀಟಿಂಗಿನಲ್ಲಿ ಹಲವರು ಹೇಳಿದ್ದು, "ಒಂದು ಟ್ಯಾಂಕ್ ಇಟ್ಟರೆ ಆಯ್ತಲ್ಲ, ಯಾವುದಾದರೇನು?" ಮೇಷ್ಟ್ರು ಒಬ್ಬರು ಫೋನಿನಲ್ಲಿ ತೋರಿಸಿದ ಚಿತ್ರದಲ್ಲಿ ಇದ್ದದ್ದು ಟಿ-72 ಅನ್ನುವ ಬೇರೆ ಟ್ಯಾಂಕ್. ನಾನು ಒಪ್ಪಲಿಲ್ಲ. ಯಾರ ಹೆಸರನ್ನು ಕಲ್ಲಿನಲ್ಲಿ ಕೊರೆಯುತ್ತೇವೋ ಅವರು ಕೂತಿದ್ದ ಟ್ಯಾಂಕೇ ಮೇಲಿರಬೇಕು. ಅದಕ್ಕೊಂದು ಹೆಸರೂ ಇತ್ತು: ಫಾಮಗುಸ್ತಾ. ನಂಬರ್ ಜೆಎಕ್ಸ್ 202. ಆ ಟ್ಯಾಂಕ್ ಈಗಲೂ ಅಹ್ಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ, ಆರ್ಮರ್ಡ್ ಕೋರ್ ಕೇಂದ್ರದಲ್ಲಿದೆ. ನೋಡಬಹುದಾದ ನಿಜವಾದ ವಸ್ತು ಒಂದು ಇರುವಾಗ ಕಲ್ಪನೆಯ ಟ್ಯಾಂಕ್ ಯಾಕೆ ಬೇಕು?

ಊರಲ್ಲಿ ನಿವೃತ್ತ ರಿಸಾಲ್ದಾರ್ ಒಬ್ಬರಿದ್ದಾರೆ, ಟ್ಯಾಂಕ್ ದಳದವರೇ. ಅವರು ನನ್ನ ಮಾತಿಗೆ ನಿಂತರು. "ತಮ್ಮಾ, ಟ್ಯಾಂಕ್ ಅಂದ್ರೆ ಅದೊಂದು ಮನೆ. ಬೇರೆಯವರ ಮನೆ ಕಟ್ಟಿ ಇವರ ಹೆಸರು ಹಾಕಬಾರದು" ಅಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಅಳತೆ ಹತ್ತರಲ್ಲಿ ಒಂದು ಅಂತ ಇಟ್ಟುಕೊಂಡೆವು. ಸೆಂಚೂರಿಯನ್ನಿನ ಒಡಲು ಸುಮಾರು 7.6 ಮೀಟರ್ ಉದ್ದ, 3.4 ಮೀಟರ್ ಅಗಲ, ಎತ್ತರ 3 ಮೀಟರ್. ನಮ್ಮದು 76 ಸೆಂಟಿಮೀಟರ್ ಉದ್ದ, 34 ಅಗಲ, 30 ಎತ್ತರ. ನಳಿಕೆ ಮುಂದಕ್ಕೆ ಚಾಚಿಕೊಂಡಾಗ ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಇದಕ್ಕಿಂತ ಚಿಕ್ಕದಾದರೆ ಅಂಗಳದಲ್ಲಿ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಜಾಸ್ತಿ ದೊಡ್ಡದಾದರೆ ತಗಡಿನ ಕೆಲಸದ ಒರಟುತನ ಎದ್ದು ಕಾಣುತ್ತದೆ. ಇನ್ನೊಂದು ಖುಷಿಯ ವಿಷಯ. ನಿಜವಾದ ಟ್ಯಾಂಕ್ 50 ಟನ್ನಿನ ಆಸುಪಾಸು. ಎಲ್ಲ ಅಳತೆ ಹತ್ತರಲ್ಲಿ ಒಂದಾದಾಗ ತೂಕ ಸಾವಿರದಲ್ಲಿ ಒಂದಾಗುತ್ತದೆ, ಅಂದರೆ 50 ಕೆಜಿ. ನಮ್ಮದು ಒಳಗೆ ಟೊಳ್ಳು, ಆದರೂ ಹೆಚ್ಚುಕಮ್ಮಿ ಅಷ್ಟೇ ಬಂತು.

ತಗಡು 2 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯಲ್ಲ ಅಂತ ಆಸೆ ಹುಟ್ಟುತ್ತದೆ, ಆದರೆ ಅದನ್ನು ವೆಲ್ಡ್ ಮಾಡುವಾಗ ಬರುವ ಸತುವಿನ ಹೊಗೆ ಎದೆಗೆ ಕೆಟ್ಟದ್ದು. ವೆಲ್ಡ್ ಆದ ಜಾಗದಲ್ಲಿ ಸತುವಿನ ಪದರ ಸುಟ್ಟೂ ಹೋಗುತ್ತದೆ. ಹಾಗಾಗಿ ಬೇಡ. ಮೊದಲು ದಪ್ಪ ರಟ್ಟಿನಲ್ಲಿ ಪೂರ್ತಿ ಒಡಲು ಕತ್ತರಿಸಿ ಅಂಟಿಸಿ ನೋಡಿದೆವು. ಮುಂಭಾಗದ ಇಳಿಜಾರು ತಟ್ಟೆಯ ಕೋನ ಸರಿಯಾಗಿ ಬರುವ ತನಕ ರಟ್ಟು ಬದಲಾಯಿಸಿದೆವು. ಆ ಇಳಿಜಾರೇ ಸೆಂಚೂರಿಯನ್ನಿನ ಮುಖ. ಅದು ಕೆಟ್ಟರೆ ಉಳಿದದ್ದೆಲ್ಲ ಸರಿ ಇದ್ದರೂ ಬೇರೆ ಯಾವುದೋ ಟ್ಯಾಂಕ್ ಅನಿಸುತ್ತದೆ.

ತೆಳು ತಗಡಿಗೆ ಉದ್ದಕ್ಕೆ ವೆಲ್ಡ್ ಎಳೆದರೆ ಸೆಟೆದುಕೊಳ್ಳುತ್ತದೆ. ಎಲ್ಲ ಕಡೆ ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆದು, ಮೂಲೆಮಟ್ಟ ಇಟ್ಟು ನೋಡಿ, ಆಮೇಲೆ ಒಂದಿಂಚು ಇಲ್ಲಿ, ಒಂದಿಂಚು ಆ ತುದಿಯಲ್ಲಿ ಅಂತ ಬಿಟ್ಟು ಬಿಟ್ಟು ತುಂಬಿಸಿದೆವು. ಒಳಗೆ ಅಡ್ಡಕ್ಕೆ ಮೂರು ಪಟ್ಟಿ ಕೊಟ್ಟಿದ್ದೇವೆ, ಮಕ್ಕಳು ಹತ್ತಿ ಕೂತರೂ ತಗ್ಗು ಬೀಳಬಾರದು. ಹತ್ತಬೇಡಿ ಅಂತ ಬೋರ್ಡ್ ಹಾಕಬಹುದು. ಆದರೆ ಮಕ್ಕಳು ಹತ್ತೇ ಹತ್ತುತ್ತಾರೆ, ಅಲ್ವಾ?

ಗಾಲಿಗಳು ಒಂದೊಂದು ಬದಿಗೆ ಆರು. ಪ್ರತಿಯೊಂದೂ ಜೋಡಿ ಗಾಲಿ. ಎರಡೂವರೆ ಇಂಚಿನ ಪೈಪಿನ ಹೊರಗಿನ ಅಳತೆ 76 ಎಂಎಂ, ನಮಗೆ ಬೇಕಿದ್ದ ಅಳತೆಗೆ ಹತ್ತಿರ. ಅದನ್ನು ಬಳೆ ಬಳೆಯಾಗಿ ಕೊಯ್ದು, ಮಧ್ಯೆ ತಟ್ಟೆ ಕೂರಿಸಿ, ಬೋಲ್ಟಿನ ತಲೆಗಳನ್ನು ವೆಲ್ಡ್ ಚುಕ್ಕೆಯಲ್ಲಿ ತೋರಿಸಿದೆವು. ಎರಡೆರಡು ಗಾಲಿ ಸೇರಿ ಒಂದು ಬೋಗಿ, ಆದ್ದರಿಂದ ಅಂತರ ಸಮ ಅಲ್ಲ. ಇದನ್ನು ಗಮನಿಸಬೇಕು. ಹಲ್ಲಿನ ಚಕ್ರ ಹಿಂದೆ, ಸುಮ್ಮನೆ ತಿರುಗುವ ಚಕ್ರ ಮುಂದೆ. ಚೈನಿನ ಮೇಲರ್ಧ ಹಾಗೂ ಮೇಲಿನ ಸಣ್ಣ ಉರುಳೆಗಳು ಪಕ್ಕದ ತಗಡಿನ ಮರೆಯಲ್ಲಿ ಇರುತ್ತವೆ. ಟ್ಯಾಂಕಿನವರು ಅದನ್ನು ಸ್ಕರ್ಟ್ ಅನ್ನುತ್ತಾರೆ. ಮರೆಯಲ್ಲಿರುವುದಕ್ಕೆ ಶ್ರಮ ಹಾಕಲಿಲ್ಲ. ಕಾಣುವ ಕೆಳಭಾಗ ಮತ್ತು ಎರಡೂ ತುದಿಗೆ ಮಾತ್ರ 6 ಸೆಂಟಿಮೀಟರ್ ಅಗಲದ ಪಟ್ಟಿ ತುಂಡುಗಳನ್ನು ಸಾಲಾಗಿ ಕೂರಿಸಿ ಚೈನು ಮಾಡಿದೆವು.

ಕಷ್ಟ ಬಂದದ್ದು ಟರೆಟ್ಟಿನಲ್ಲಿ, ಅಂದರೆ ಒಡಲಿನ ಮೇಲೆ ಕೂತು ನಳಿಕೆಯ ಜೊತೆ ತಿರುಗುವ ಭಾಗದಲ್ಲಿ. ಅದು ಎರಕದ ಉಕ್ಕು, ಎಲ್ಲಾ ಕಡೆ ದುಂಡು ತಿರುವು. ಅದಕ್ಕೆ ಅಂಟಿದ ಹಾಗೆ ಸಾಮಾನು ಪೆಟ್ಟಿಗೆಗಳಿರುವುದರಿಂದ ದೂರಕ್ಕೆ ಚೌಕ ಅನಿಸುತ್ತದೆ. ಚೌಕದ ಡಬ್ಬಿ ಮಾಡಿ ಪುಟ್ಟಿ ಮೆತ್ತೋಣ ಅಂದರು ನಮ್ಮ ಹುಡುಗರು. ಬಿಸಿಲಿಗೆ ಪುಟ್ಟಿ ಬಿರುಕು ಬಿಡುತ್ತದೆ, ನೀರು ಕುಡಿಯುತ್ತದೆ, ಎರಡೇ ಮಳೆಗಾಲಕ್ಕೆ ಚಕ್ಕೆ ಏಳುತ್ತದೆ. ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು, ಮರದ ಕೊಡತಿಯಿಂದ ನಿಧಾನಕ್ಕೆ ಬಡಿದು ತಿರುವು ತಂದೆವು. ಬಡಿಯುತ್ತ ಹೋದಂತೆ ತಗಡು ಗಡುಸಾಗುತ್ತದೆ. ಆಗ ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ, ತಾನಾಗಿಯೇ ಆರಲು ಬಿಟ್ಟು, ಮತ್ತೆ ಬಡಿಯಬೇಕು. ಎರಡು ಕೆನ್ನೆ, ಒಂದು ಮುಂಭಾಗ, ಒಂದು ಹಿಂಭಾಗ. ನಾಲ್ಕು ತುಂಡು ಸೇರಿಸಿ ಗ್ರೈಂಡರಿನಲ್ಲಿ ಸಪಾಟು ಮಾಡಿದಾಗ ರಿಸಾಲ್ದಾರ್ ಸಾಹೇಬರು ಅದರ ಮೇಲೆ ಅಂಗೈ ಆಡಿಸಿ, "ಹೂಂ, ಈಗ ಇದು ಸೆಂಚೂರಿಯನ್" ಅಂದರು.

ಟರೆಟ್ಟಿನ ಮೇಲಿನ ಮುಚ್ಚಳಗಳ ಬಗ್ಗೆ ನಾವು ತುಂಬ ಹೊತ್ತು ಮಾತಾಡಿದೆವು. ಸೆಂಚೂರಿಯನ್ನಿನಲ್ಲಿ ನಾಲ್ಕು ಜನ. ಡ್ರೈವರ್ ಮುಂದೆ ಬಲಕ್ಕೆ. ಟರೆಟ್ಟಿನ ಒಳಗೆ ಬಲಗಡೆ ಗನ್ನರ್, ಅವನ ಹಿಂದೆ ಸ್ವಲ್ಪ ಎತ್ತರದಲ್ಲಿ ಕಮಾಂಡರ್. ಎಡಗಡೆ ಗುಂಡು ತುಂಬುವವನು, ರೇಡಿಯೋ ನೋಡಿಕೊಳ್ಳುವವನೂ ಅವನೇ. ಫಾಮಗುಸ್ತಾದಲ್ಲಿ ಕಮಾಂಡರ್ ಖೇತರ್ಪಾಲ್, ಡ್ರೈವರ್ ಸವಾರ್ (ಟ್ಯಾಂಕ್ ದಳದ ಸಿಪಾಯಿ) ಪ್ರಯಾಗ್ ಸಿಂಗ್, ಗನ್ನರ್ ಸವಾರ್ ನಾಥು ಸಿಂಗ್, ರೇಡಿಯೋದವರು ಸವಾರ್ ನಂದ್ ಸಿಂಗ್. ನಂದ್ ಸಿಂಗ್ ಆ ದಿನ ಟ್ಯಾಂಕಿನಲ್ಲೇ ಮಡಿದರು. ಅಂದಮೇಲೆ ಯಾವ ಮುಚ್ಚಳ ಯಾರದ್ದು ಅನ್ನುವುದು ಬರಿ ಅಲಂಕಾರದ ಪ್ರಶ್ನೆ ಅಲ್ಲ. ನಾಲ್ವರ ಜಾಗವೂ ಸರಿಯಾದ ಕಡೆ ಇರಬೇಕು. ಕಮಾಂಡರಿನ ಮುಚ್ಚಳ ಮಾತ್ರ ತೆರೆದಂತೆ ನಿಲ್ಲಿಸಿದೆವು. ಸಾಹೇಬರು ಹೇಳುವ ಹಾಗೆ ಕಮಾಂಡರ್ ತಲೆ ಹೊರಗೆ ಹಾಕಿಯೇ ಸುತ್ತ ನೋಡುವುದು, ಮುಚ್ಚಿಕೊಂಡರೆ ಅರ್ಧ ಕುರುಡು. ತೆರೆದ ಬಾಯಿಗೆ ಮಳೆ ಬೀಳುತ್ತದಲ್ಲ, ಅದಕ್ಕೆ ಎರಡು ಸೆಂಟಿಮೀಟರ್ ಕೆಳಗೆ ಓರೆಯಾಗಿ ಒಂದು ತಟ್ಟೆ ಕೂರಿಸಿ, ನೀರು ಹಿಂದಿನ ತೂತಿನಿಂದ ಹೊರಗೆ ಹೋಗುವ ಹಾಗೆ ಮಾಡಿದೆವು. ಮೇಲಿಂದ ನೋಡಿದರೆ ಒಳಗೆ ಕತ್ತಲೆ ಕಾಣುತ್ತದೆ, ಸಾಕು.

ಇನ್ನು ನಳಿಕೆ. ದಪ್ಪ ಗೋಡೆಯ ಸೀಮ್‌ಲೆಸ್ ಪೈಪನ್ನು ಲೇತಿನಲ್ಲಿ ತಿರುಗಿಸಿ, ಬುಡದಿಂದ ತುದಿಗೆ ಸಣ್ಣ ಮಾಡುತ್ತ ಹೋದೆವು. ನಡುವೆ ಒಂದು ಉಬ್ಬು ಇದೆ. ಗುಂಡು ಹೊರಟ ಮೇಲೆ ಒಳಗೆ ಉಳಿಯುವ ಹೊಗೆಯನ್ನು ಬಾಯಿಯ ಕಡೆ ಎಳೆದು ಬಿಡುವ ಭಾಗ ಅದು. ಇಲ್ಲದಿದ್ದರೆ ಹೊಗೆಯೆಲ್ಲ ಟರೆಟ್ಟಿನೊಳಗೆ, ಜನರ ಮೂಗಿಗೆ. ಆ ಉಬ್ಬಿಗೆ ಬೇರೆ ಬಳೆ ತಿರುಗಿಸಿ ತೊಡಿಸಿದೆವು. ನಳಿಕೆಯ ಬಾಯನ್ನು ಸ್ವಲ್ಪ ಒಳಗೆ ಬಿಲ್ಲೆ ಇಟ್ಟು ಮುಚ್ಚಿಬಿಡಿ. ತೆರೆದಿಟ್ಟರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ತೇವ ನಿಂತು ಒಳಗಿನಿಂದ ತುಕ್ಕು ಶುರುವಾಗುತ್ತದೆ.

ನಳಿಕೆಯನ್ನು ಎತ್ತರಿಸಿ ಇಡಬೇಕು ಅಂತ ಎಲ್ಲರೂ ಕೇಳಿದರು. ಕಟ್ಟೆ ಮೇಲಿರುವ ಟ್ಯಾಂಕುಗಳಲ್ಲಿ ಹಾಗೆ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿರುವುದುಂಟು. ನೋಡಲು ಚೆಂದವೇ. ಆದರೆ ಜರ್ಪಾಲ್‌ನಲ್ಲಿ ನಡೆದದ್ದು ಟ್ಯಾಂಕಿಗೆ ಎದುರು ಟ್ಯಾಂಕ್, ಅದೂ ಹತ್ತಿರದಿಂದ. ಅಲ್ಲಿ ನಳಿಕೆ ನೆಲಕ್ಕೆ ಸಮನಾಗಿರುತ್ತದೆ. ಆ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಹೊಗೆಯ ಮರೆಯಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಜರ್ಪಾಲ್ ಮೇಲೆ ಬಂದವು. ಹಿಂದಿನ ರಾತ್ರಿಯಷ್ಟೇ ನಮ್ಮ ಸೈನಿಕರು ಬಸಂತರ್ ನದಿ ದಾಟಿ ಜಾಗ ಹಿಡಿದಿದ್ದರು. ಮೈನುಗಳನ್ನು (ನೆಲಬಾಂಬುಗಳನ್ನು) ಪೂರ್ತಿ ತೆಗೆದು ಮುಗಿಯುವ ಮೊದಲೇ ಪೂನಾ ಹಾರ್ಸ್ ಟ್ಯಾಂಕುಗಳು ಅದರ ನಡುವೆಯೇ ನುಗ್ಗಿ ಬಂದಿದ್ದವು. ಅಲ್ಲಿದ್ದ ಸ್ಕ್ವಾಡ್ರನ್ (ಟ್ಯಾಂಕ್ ತುಕಡಿ) ಸಹಾಯ ಕೇಳಿದಾಗ ಖೇತರ್ಪಾಲ್ ತಮ್ಮ ಟ್ಯಾಂಕ್ ಓಡಿಸಿಕೊಂಡು ಹೋದರು. ಕೊನೆಗೆ ಅವರ ಟ್ಯಾಂಕಿಗೂ ಬೆಂಕಿ ಹತ್ತಿತು. ಬಿಟ್ಟು ಬಾ ಅಂತ ರೇಡಿಯೋದಲ್ಲಿ ಹೇಳಿದಾಗ, ಬಿಡುವುದಿಲ್ಲ, ನನ್ನ ಗನ್ ಇನ್ನೂ ಕೆಲಸ ಮಾಡುತ್ತಿದೆ ಅಂತ ಉತ್ತರ ಕೊಟ್ಟರು. ಆ ಮಾತು ಹೇಳಿದವರ ಗನ್ನನ್ನು ನಾವು ಸೆಲ್ಯೂಟಿಗೆ ಎತ್ತಿಡುವುದು ನನಗೆ ಸರಿ ಕಾಣಲಿಲ್ಲ. ಸಮನಾಗಿಯೇ ಇಟ್ಟೆವು. ಟರೆಟ್ ತಿರುಗದ ಹಾಗೆ ಒಳಗಿಂದ ಬಿಗಿದೆವು.

ಬೆಂಕಿಯನ್ನು ತೋರಿಸಲು ಫೈಬರಿನ ಜ್ವಾಲೆ, ಕೆಂಪು ಲೈಟು ಎಲ್ಲ ಹಾಕೋಣ ಅಂದವರಿದ್ದರು. ಬೇಡ ಅಂದೆವು. ಒಳಗೆ ಮನುಷ್ಯರಿದ್ದರು.

ಬಣ್ಣಕ್ಕೆ ಮೊದಲು ತಗಡಿನ ಎಣ್ಣೆ ಪೂರ್ತಿ ಹೋಗಬೇಕು. ಥಿನ್ನರಿನಲ್ಲಿ ಒರೆಸಿ, ವೈರ್ ಬ್ರಷ್ ಹೊಡೆದು, ಅದೇ ದಿನ ಎಪಾಕ್ಸಿ ಪ್ರೈಮರ್. ಬರಿ ರೆಡ್ ಆಕ್ಸೈಡ್ ಗೇಟಿಗೆ ಸಾಕು, ಇದಕ್ಕೆ ಸಾಲದು. ಒಡಲಿನ ಒಳಭಾಗವನ್ನು ಜನ ಮರೆಯುತ್ತಾರೆ. ನಾವು ತಳದ ತೂತುಗಳಿಗೆ ಬೂಚು ಹಾಕಿ, ಪ್ರೈಮರ್ ತೆಳ್ಳಗೆ ಮಾಡಿ ಒಳಗೆ ಸುರಿದು, ಇಬ್ಬರು ಹಿಡಿದು ಎಲ್ಲ ಕಡೆ ಹೊರಳಿಸಿ, ಬೂಚು ತೆಗೆದು ಸೋರಿಸಿದೆವು. ಆಮೇಲೆ ಮೇಲೆ ಆಲಿವ್ ಗ್ರೀನ್ ಪಿಯು (ಪಾಲಿಯುರೆಥೇನ್) ಬಣ್ಣ, ಹೊಳಪಿಲ್ಲದ್ದು. ಹೊಳೆಯುವ ಟ್ಯಾಂಕ್ ಯುದ್ಧದಲ್ಲಿ ಇರುವುದಿಲ್ಲ.

ಕಟ್ಟೆಗೆ ಪಾಯ ತೆಗೆದು ಬೆಡ್ ಕಾಂಕ್ರೀಟ್ ಹಾಕಿ, ಸೈಜುಗಲ್ಲು ಕಟ್ಟಿದ್ದಾರೆ. ಎತ್ತರ 75 ಸೆಂಟಿಮೀಟರ್. ಐದನೇ ಕ್ಲಾಸಿನ ಮಗುವಿಗೂ ಮೇಲಿನ ಮುಚ್ಚಳ ಕಾಣಬೇಕು ಅನ್ನುವುದು ಲೆಕ್ಕ. ಮೇಲಿನ ಕಾಂಕ್ರೀಟ್ ಹಸಿ ಇರುವಾಗಲೇ ಉತ್ತ ಹೊಲದ ಹಾಗೆ ಒರಟು ಮಾಡಿ, ಚೈನು ಹೋಗುವ ಕಡೆ ಎರಡು ಗಾಡಿಜಾಡು ಒತ್ತಿದೆವು. ಈ ಜಾಡಿಗೆ ಇನ್ನೊಂದು ಉಪಯೋಗ ಇದೆ. ಕಬ್ಬಿಣ ಕಲ್ಲಿಗೆ ಅಂಟಿ ಕೂತರೆ ತೇವ ಹಿಡಿದು ತುಕ್ಕಿನ ನೀರು ಇಳಿದು ಕಲೆಯಾಗುತ್ತದೆ. ಹಾಗಾಗಿ ಟ್ಯಾಂಕನ್ನು ನಾಲ್ಕು ಸ್ಟೀಲ್ ಬೋಲ್ಟಿನ ಮೇಲೆ, ನೈಲಾನ್ ವಾಷರ್ ಕೊಟ್ಟು, ಒಂದು ಸೆಂಟಿಮೀಟರ್ ಮೇಲೆತ್ತಿ ನಿಲ್ಲಿಸಿದ್ದೇವೆ. ಜಾಡಿನ ಅಂಚು ಸ್ವಲ್ಪ ಎತ್ತರ ಇರುವುದರಿಂದ ಸಂದು ಕಾಣುವುದಿಲ್ಲ, ಗಾಳಿ ಆಡುತ್ತದೆ, ನೀರು ಹಿಂದಕ್ಕೆ ಹರಿದು ಹೋಗುತ್ತದೆ.

ಫಲಕಕ್ಕೆ ಚಾಮರಾಜನಗರದ ಕಪ್ಪು ಗ್ರಾನೈಟ್ ತರಿಸಿದೆವು. ಕಪ್ಪು ಕಲ್ಲಿಗೆ ಪಾಲಿಶ್ ಕೊಟ್ಟು ಮರಳು ಹೊಡೆದು ಕೊರೆದರೆ ಅಕ್ಷರ ತಾನಾಗಿಯೇ ಬೂದಿ ಬಣ್ಣದಲ್ಲಿ ಎದ್ದು ಕಾಣುತ್ತದೆ, ಪೇಂಟ್ ತುಂಬುವುದು ಬೇಕಿಲ್ಲ. ತುಂಬಿದ ಪೇಂಟ್ ಎಂದಾದರೂ ಉದುರುತ್ತದೆ. ಮೊದಲು ಬಂದ ಚಪ್ಪಡಿಯಲ್ಲಿ ಕೂದಲೆಳೆಯಂಥ ಗೆರೆ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟಾಗ ಗೆರೆ ಮಾತ್ರ ಕೊನೆಯ ತನಕ ಒದ್ದೆಯಾಗಿ ಉಳಿಯಿತು. ಅದನ್ನು ವಾಪಸ್ ಕೊಟ್ಟು ಬೇರೆ ತಂದೆವು. ನೀವೂ ಹೀಗೆ ನೋಡಿಯೇ ಕೊಳ್ಳಿ.

ಕನ್ನಡ ಅಕ್ಷರ ಕೊರೆಯುವಾಗ ಒತ್ತಕ್ಷರದ ಲೆಕ್ಕ ಮೊದಲೇ ಹಾಕಬೇಕು. ಅಂಟಿಸಿದ ರಬ್ಬರ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಮರಳು ಹೊಡೆಯುತ್ತಾರೆ. "ಲೆಫ್ಟಿನೆಂಟ್" ಅನ್ನುವಲ್ಲಿ ಕೆಳಗಿನ ಟ ಒತ್ತಿನ ಹೊಟ್ಟೆಯೊಳಗಿನ ರಬ್ಬರ್ ಚೂರು ಅಕ್ಕಿಕಾಳಿನಷ್ಟು. ಅಕ್ಷರ ಸಣ್ಣದಾದರೆ ಗಾಳಿಯ ರಭಸಕ್ಕೆ ಆ ಚೂರು ಹಾರಿಹೋಗಿ ಒತ್ತು ಬರಿ ಗುಳಿಯಾಗುತ್ತದೆ. ಬೇಡದ ಕಲ್ಲಿನ ಮೇಲೆ ಬೇರೆ ಬೇರೆ ಗಾತ್ರ ಕೊರೆಸಿ ನೋಡಿ, 25 ಎಂಎಂಗಿಂತ ಸಣ್ಣ ಅಕ್ಷರ ಬೇಡ ಅಂತ ನಿರ್ಧರಿಸಿದೆವು. ಸಾಲಿನ ನಡುವೆ ಒತ್ತಿಗೆ ಜಾಗವೂ ಬೇಕು. ಇದರಿಂದ ಒಂದು ಒಳ್ಳೆಯದಾಯಿತು. ಒಂದು ಪುಟ ಬರೆದುಕೊಂಡು ಬಂದಿದ್ದನ್ನು ಆರು ಸಾಲಿಗೆ ಇಳಿಸಲೇಬೇಕಾಯಿತು.

ಏನು ಬರೆಯುವುದು ಅನ್ನುವುದಕ್ಕೆ ವೆಲ್ಡಿಂಗಿಗಿಂತ ಜಾಸ್ತಿ ಮಾತು ಬೇಕಾಯಿತು. "ಒಬ್ಬರೇ ಹತ್ತು ಟ್ಯಾಂಕ್ ಉಡಾಯಿಸಿದರು" ಅಂತ ಬರೆಯಬೇಕು ಅನ್ನುವುದು ಕೆಲವರ ಆಸೆ. ಪದಕದ ಅಧಿಕೃತ ಪ್ರಶಸ್ತಿಪತ್ರದಲ್ಲಿ ಇರುವುದು ಬೇರೆ. ಅಲ್ಲಿ ನಾಶವಾದ ಟ್ಯಾಂಕ್ ಹತ್ತು, ಅದರಲ್ಲಿ ಖೇತರ್ಪಾಲ್ ಕೈಯಿಂದ ಆದದ್ದು ನಾಲ್ಕು. 21ರ ಹುಡುಗ, ಗಾಯವಾಗಿ ಟ್ಯಾಂಕ್ ಉರಿಯುತ್ತಿದ್ದರೂ ಬಿಡದೆ ಕಾದಾಡಿ ಹೊಡೆದ ನಾಲ್ಕು ಸಾಲದೇ? ಉಳಿದ ಆರು ಅವರ ಜೊತೆಗಾರರದ್ದು. ಅದನ್ನು ಕಿತ್ತು ಇವರಿಗೆ ಕೊಟ್ಟರೆ ಇವರಿಗೂ ಗೌರವ ಅಲ್ಲ. ಕಲ್ಲಿನಲ್ಲಿ ಕೊರೆದದ್ದನ್ನು ಒರೆಸಲು ಆಗುವುದಿಲ್ಲ, ಆದ್ದರಿಂದ ಲೆಕ್ಕವನ್ನೇ ಬಿಟ್ಟು, ಅವರು ಮಾಡಿದ್ದನ್ನು ಮಾತ್ರ ಬರೆದೆವು. ವೈರಿಗಳನ್ನು ಬೈಯುವ ಸಾಲೂ ಬೇಡ ಅಂದೆವು. ಎದುರು ನಿಂತು ಖೇತರ್ಪಾಲ್ ಪ್ರಾಣ ತೆಗೆದ ಆ ಕೊನೆಯ ಗುಂಡು ಹೊಡೆದ, ಪಾಕಿಸ್ತಾನದ ಟ್ಯಾಂಕ್ ರೆಜಿಮೆಂಟ್ 13 ಲ್ಯಾನ್ಸರ್ಸ್‌ನ ಖ್ವಾಜಾ ಮೊಹಮ್ಮದ್ ನಾಸರ್, 2001ರಲ್ಲಿ ಖೇತರ್ಪಾಲ್ ಅವರ ತಂದೆ ಪಾಕಿಸ್ತಾನಕ್ಕೆ ಹೋದಾಗ ಅವರನ್ನು ಮನೆಯಲ್ಲಿಟ್ಟು ಉಪಚರಿಸಿ, ಅದು ನಾನೇ ಅಂತ ತಾವಾಗಿ ಹೇಳಿಕೊಂಡವರು. ಆ ತಂದೆಯೇ ದ್ವೇಷ ಇಟ್ಟುಕೊಳ್ಳಲಿಲ್ಲ. ನಾವು ಯಾಕೆ ಕಲ್ಲಿಗೆ ಹಾಕಬೇಕು?

ಎಲ್ಲ 21 ಪರಮವೀರರ ಹೆಸರೂ ಇರಲಿ ಅಂತ ಬಂದ ಸಲಹೆಯನ್ನು ಶಾಲೆಯ ಒಳಗೆ ಬೇರೆ ಬೋರ್ಡಿಗೆ ತೆಗೆದುಕೊಂಡೆವು. ಈ ಕಲ್ಲಿನ ಮೇಲೆ ಒಂದು ಟ್ಯಾಂಕಿನ ನಾಲ್ಕು ಜನ ಮಾತ್ರ. ಹೀಗೆ:

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್
ಪರಮವೀರ ಚಕ್ರ, 17 ಪೂನಾ ಹಾರ್ಸ್
ಬಸಂತರ್ ಕಾಳಗ, 16 ಡಿಸೆಂಬರ್ 1971
ಉರಿಯುವ ಟ್ಯಾಂಕ್ ಬಿಟ್ಟು ಬರಲಿಲ್ಲ
ಜೊತೆಯಲ್ಲೇ ಮಡಿದವರು ಸವಾರ್ ನಂದ್ ಸಿಂಗ್
ಜೊತೆಗಿದ್ದವರು ಸವಾರ್ ಪ್ರಯಾಗ್ ಸಿಂಗ್, ಸವಾರ್ ನಾಥು ಸಿಂಗ್

ಕಲ್ಲು ಕೊರೆಯುವವರು ಕೊನೆಯ ಎರಡು ಸಾಲನ್ನು ಸಣ್ಣ ಅಕ್ಷರದಲ್ಲಿ ಹಾಕೋಣವಾ ಅಂತ ಕೇಳಿದರು. ಸಾಹೇಬರು ಬೇಡ ಅಂದರು, ಮೇಲಿನ ಮೂರು ಸಾಲು ಬಿಟ್ಟರೆ ಉಳಿದದ್ದೆಲ್ಲ ಒಂದೇ ಗಾತ್ರ. ಟ್ಯಾಂಕ್ ಕಮಾಂಡರ್ ಅಂದರೆ ಎಲ್ಲಿಗೆ, ಯಾವಾಗ ಅಂತ ಹೇಳುವವನು. ಓಡಿಸುವ ಕಾಲು, ಗುಂಡು ತುಂಬುವ ಕೈ, ಗುರಿ ಇಡುವ ಕಣ್ಣು ಬೇರೆಯವರದ್ದು. ಅವರ ಹೆಸರಿಲ್ಲದ ಟ್ಯಾಂಕ್ ಸ್ಮಾರಕವನ್ನು ನಾನಂತೂ ಮಾಡಿಕೊಡುತ್ತಿರಲಿಲ್ಲ.

ನೋಡಿಕೊಳ್ಳುವ ಕೆಲಸ ಜಾಸ್ತಿ ಏನಿಲ್ಲ. ಮಳೆಗಾಲಕ್ಕೆ ಮುಂಚೆ ತಳದ ತೂತುಗಳಿಗೆ ತಂತಿ ಆಡಿಸಿ ಕಸ ತೆಗೆಯಬೇಕು. ಗ್ರಾನೈಟನ್ನು ಬರಿ ನೀರಿನಲ್ಲಿ ತೊಳೆಯಿರಿ, ಆಸಿಡ್ ಬೇಡವೇ ಬೇಡ. ಬಣ್ಣ ಕೆತ್ತಿಹೋದ ಕಡೆ ಪ್ರೈಮರ್ ಹಚ್ಚದೆ ಮೇಲೆ ಬಣ್ಣ ಬಳಿಯಬಾರದು. ಉಳಿದ ಬಣ್ಣದ ಒಂದು ಡಬ್ಬಿಯನ್ನು ಶಾಲೆಯಲ್ಲೇ ಇಟ್ಟಿದ್ದೇವೆ.

ರಟ್ಟಿನ ಅಚ್ಚುಗಳು, ಅಳತೆ ಹಾಳೆ ನನ್ನ ಹತ್ತಿರ ಜೋಪಾನವಾಗಿವೆ. ತಾರಾಪೋರ್ ಅವರಿಗೆ ಸ್ಮಾರಕ ಮಾಡುವವರಿದ್ದರೂ ಒಡಲು, ಗಾಲಿ, ಟರೆಟ್ಟಿಗೆ ಇವೇ ಅಚ್ಚು ನಡೆಯುತ್ತವೆ, ಅವರದ್ದೂ ಸೆಂಚೂರಿಯನ್ನೇ. ನಳಿಕೆ ಮಾತ್ರ 1965ರ ಫೋಟೋ ನೋಡಿಯೇ ತಿರುಗಿಸಿ.